ದಾರಿ ತೋರುವ ಉಪಗ್ರಹಗಳು: ಗ್ರಹಣದಿಂದ ಪರಮಾಣು ಗಡಿಯಾರದವರೆಗೆ

ಅಪರಿಚಿತ ಊರಿನಲ್ಲಿ ಮೊಬೈಲ್ ತೆರೆದು ದಾರಿ ಹುಡುಕುವುದು ಇಂದು ಮಕ್ಕಳಿಗೂ ತಿಳಿದ ಕೆಲಸ. ಉಪಗ್ರಹವು ಮೇಲಿನಿಂದ ನಮ್ಮನ್ನು ನೋಡಿ ದಾರಿ ಹೇಳುತ್ತದೆ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸಿದ್ದಾರೆ. ನಿಜ ಸಂಗತಿ ಬೇರೆ. ಉಪಗ್ರಹಕ್ಕೆ ನಮ್ಮ ಸುಳಿವೂ ಇರುವುದಿಲ್ಲ. ತನ್ನ ಗಡಿಯಾರದ ಸಮಯವನ್ನೂ ತಾನಿರುವ ಜಾಗವನ್ನೂ ಅದು ಸದಾ ಸಾರುತ್ತಿರುತ್ತದೆ, ಅಷ್ಟೆ. ಲೆಕ್ಕ ಹಾಕುವುದು ನಮ್ಮ ಕೈಯಲ್ಲಿರುವ ಮೊಬೈಲ್. ಸ್ಥಳವನ್ನು ಅರಿಯಬೇಕಾದರೆ ಸಮಯವನ್ನು ಅರಿಯಬೇಕು ಎಂಬುದೇ ಇದರ ತಿರುಳು. ಈ ವಿಚಾರಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ.

ಗ್ರಹಣವೇ ಗಡಿಯಾರ

ಕ್ರಿ.ಶ. 997ರ ಮೇ 24ರಂದು ಚಂದ್ರಗ್ರಹಣ ಸಂಭವಿಸಿತು. ಮಧ್ಯ ಏಷ್ಯಾದ ಕಾಥ್ ನಗರದಲ್ಲಿ 23 ವರ್ಷದ ಅಲ್-ಬಿರೂನಿ, ಬಾಗ್ದಾದಿನಲ್ಲಿ ಹಿರಿಯ ಗಣಿತಜ್ಞ ಅಬುಲ್ ವಫಾ, ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಂತೆ ಅದನ್ನು ವೀಕ್ಷಿಸಿದರು. ಚಂದ್ರಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ, ಆದರೆ ಆ ಕ್ಷಣದಲ್ಲಿ ಎರಡೂ ಊರುಗಳ ಸ್ಥಳೀಯ ಸಮಯ ಬೇರೆ ಬೇರೆ. ಅಂತರ ಸುಮಾರು ಒಂದು ಗಂಟೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಎರಡು ನಗರಗಳ ರೇಖಾಂಶದ ವ್ಯತ್ಯಾಸ ದೊರೆಯಿತು. ಮುಂದೆ 1025ರಲ್ಲಿ ಘಜ್ನಿಯಲ್ಲಿದ್ದ ಅಲ್-ಬಿರೂನಿ, ನಗರಗಳ ಸ್ಥಾನವನ್ನೂ ಅಲ್ಲಿಂದ ಕಿಬ್ಲಾದ ದಿಕ್ಕನ್ನೂ ನಿರ್ಣಯಿಸುವ ಗ್ರಂಥವನ್ನೇ ಬರೆದರು.

ಆದರೆ ನಡುಸಮುದ್ರದ ನಾವಿಕ ಗ್ರಹಣಕ್ಕಾಗಿ ಕಾಯಲಾರ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್ ಹಡಗಿನ ಓಲಾಟದಲ್ಲೂ ಸಮಯ ತಪ್ಪದ ಗಡಿಯಾರವನ್ನು ರೂಪಿಸಿ ಆ ಕೊರತೆಯನ್ನು ನೀಗಿದರು.

ಗಡಿಯಾರ ಆಕಾಶಕ್ಕೇರಿತು

1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯದ ಗೈಯರ್ ಮತ್ತು ವೈಫನ್‌ಬಾಕ್ ಎಂಬ ವಿಜ್ಞಾನಿಗಳು ಅದರ ಸಂಕೇತದ ಏರಿಳಿತದಿಂದಲೇ ಉಪಗ್ರಹದ ಪಥವನ್ನು ಲೆಕ್ಕ ಹಾಕಿದರು. ನೆಲದಿಂದ ಉಪಗ್ರಹದ ಜಾಗ ತಿಳಿಯುವುದಾದರೆ, ಉಪಗ್ರಹದಿಂದ ನೆಲದ ಜಾಗ ಏಕೆ ತಿಳಿಯಬಾರದು? ಈ ಪ್ರಶ್ನೆಯಿಂದ ಹುಟ್ಟಿದ್ದು ಅಮೆರಿಕದ ನೌಕಾಪಡೆಯ ‘ಟ್ರಾನ್ಸಿಟ್’ ವ್ಯವಸ್ಥೆ. 1973ರಲ್ಲಿ ಜಿಪಿಎಸ್ ಯೋಜನೆ ರೂಪುಗೊಂಡು, 1978ರಲ್ಲಿ ಅದರ ಮೊದಲ ಉಪಗ್ರಹ ಮೇಲೇರಿತು. 1995ರಲ್ಲಿ 24 ಉಪಗ್ರಹಗಳ ವ್ಯವಸ್ಥೆ ಪೂರ್ಣಗೊಂಡಿತು.

ಇವು ಸುಮಾರು 20,200 ಕಿ.ಮೀ. ಎತ್ತರದಲ್ಲಿ ದಿನಕ್ಕೆ ಎರಡು ಬಾರಿ ಭೂಮಿಯನ್ನು ಸುತ್ತುತ್ತವೆ. ಸಂಕೇತವು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಬರುತ್ತದೆ. ಅದು ಬರಲು ಹಿಡಿದ ಸಮಯವನ್ನು ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. ಮೂರು ಉಪಗ್ರಹಗಳ ದೂರದಿಂದ ಜಾಗ ಗೊತ್ತಾಗುತ್ತದೆ. ನಮ್ಮ ಮೊಬೈಲಿನ ಸಾಧಾರಣ ಗಡಿಯಾರದ ದೋಷವನ್ನು ತಿದ್ದಲು ನಾಲ್ಕನೆಯದು ಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಅವು ನೆಲದ ಗಡಿಯಾರಗಳಿಗಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಇದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿ.ಮೀ.ಗೂ ಹೆಚ್ಚು ತಪ್ಪು ಬೆಳೆಯುತ್ತದೆ.

ಸೈನ್ಯದಿಂದ ಜನಸಾಮಾನ್ಯರಿಗೆ

ಜಿಪಿಎಸ್ ಹುಟ್ಟಿದ್ದು ಸೈನ್ಯಕ್ಕಾಗಿ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ನುಗ್ಗಿ, ಯುದ್ಧವಿಮಾನದ ದಾಳಿಗೆ ತುತ್ತಾಯಿತು. ಅದರಲ್ಲಿದ್ದ 269 ಮಂದಿಯೂ ಮೃತಪಟ್ಟರು. ಈ ದುರಂತದ ನಂತರವೇ ಅಮೆರಿಕದ ಸರ್ಕಾರ, ಜಿಪಿಎಸ್ ಸಿದ್ಧವಾದಾಗ ನಾಗರಿಕರಿಗೂ ಉಚಿತವಾಗಿ ದೊರೆಯುವುದೆಂದು ಘೋಷಿಸಿತು. ಆದರೂ ನಾಗರಿಕರ ಸಂಕೇತದಲ್ಲಿ ಬೇಕೆಂದೇ ಸುಮಾರು 100 ಮೀಟರಿನಷ್ಟು ತಪ್ಪನ್ನು ಬೆರೆಸಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಲಾಯಿತು.

ಇಂದು ಆಂಬ್ಯುಲೆನ್ಸ್, ಬಸ್ಸು, ರೈಲುಗಳ ಜಾಗ ತಿಳಿಯಲು, ಮೀನುಗಾರರು ದಡಕ್ಕೆ ಮರಳಲು, ನಮ್ಮ ರಾಜ್ಯದ ರೈತರು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲದ ವಿವರ ದಾಖಲಿಸಲು ಇದು ನೆರವಾಗುತ್ತದೆ. ಮೊಬೈಲ್ ಗೋಪುರಗಳೂ ಇದರಿಂದ ತಮ್ಮ ಸಮಯ ಹೊಂದಿಸಿಕೊಳ್ಳುತ್ತವೆ. ವಿದ್ಯಾರ್ಥಿಗಳು ಒಂದು ಸಂಗತಿ ನೆನಪಿಡಬೇಕು. ಸ್ಥಾನ ತಿಳಿಯಲು ಇಂಟರ್ನೆಟ್ ಬೇಕಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದ ಕಾಡಿನಲ್ಲೂ ತೆರೆದ ಆಕಾಶದ ಕೆಳಗೆ ದಾರಿ ಸಿಗುತ್ತದೆ.

ನಮ್ಮದೇ ಗಡಿಯಾರ

ಅನ್ಯರ ಗಡಿಯಾರವನ್ನು ಎಷ್ಟು ದಿನ ನಂಬಿಕೊಂಡಿರುವುದು? ರಷ್ಯಾ, ಚೀನಾ, ಯೂರೋಪ್ ತಮ್ಮ ತಮ್ಮ ವ್ಯವಸ್ಥೆ ಕಟ್ಟಿಕೊಂಡವು. ಭಾರತವೂ 2013ರ ಜುಲೈ 1ರಂದು ತನ್ನ ಮೊದಲ ಪಥದರ್ಶಕ ಉಪಗ್ರಹವನ್ನು ಹಾರಿಸಿತು. 2016ರಲ್ಲಿ ಈ ವ್ಯವಸ್ಥೆಗೆ ‘ನಾವಿಕ್’ ಎಂದು ಹೆಸರಿಡಲಾಯಿತು. ಇದರ ಕೇಂದ್ರವಿರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ. ಆದರೆ ಯೂರೋಪಿನಿಂದ ತರಿಸಿದ್ದ ಪರಮಾಣು ಗಡಿಯಾರಗಳು ಆ ಮೊದಲ ಉಪಗ್ರಹದಲ್ಲಿ ಮೂರೂ ಕೆಟ್ಟವು. ಗಡಿಯಾರ ನಿಂತರೆ ಉಪಗ್ರಹವಿದ್ದೂ ಇಲ್ಲದಂತೆ. ನಮ್ಮ ವಿಜ್ಞಾನಿಗಳು ಸೋಲೊಪ್ಪದೆ ದುಡಿದರು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಸ್ವದೇಶಿ ರುಬಿಡಿಯಂ ಗಡಿಯಾರವಿತ್ತು. ಆದರೂ ಹಾದಿ ಸುಗಮವಾಗಿಲ್ಲ. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ನಿಗದಿತ ಕಕ್ಷೆಯನ್ನು ತಲುಪಲಿಲ್ಲ. ಕೆಲಸ ಇನ್ನೂ ಬಾಕಿಯಿದೆ.

ವಿದ್ಯಾರ್ಥಿ ಮಿತ್ರರೇ, ಕಾಥ್‌ನ ಆ ಯುವಕನ ಬಳಿ ಇದ್ದದ್ದು ತಾನೇ ಸಿದ್ಧಪಡಿಸಿಕೊಂಡ ಸಲಕರಣೆ, ಗಣಿತ ಮತ್ತು ದೂರದ ಊರಿನ ಒಬ್ಬ ಗುರುಸಮಾನ ಸಹೋದ್ಯೋಗಿ. ತರಗತಿಯಲ್ಲಿ ನೀರಸವೆನಿಸುವ ಅಕ್ಷಾಂಶ, ರೇಖಾಂಶ, ತ್ರಿಕೋನಮಿತಿಗಳೇ ಅಂದು ನಗರಗಳ ಸ್ಥಾನ ಗುರುತಿಸಿದವು, ಇಂದು ಉಪಗ್ರಹಗಳನ್ನು ನಡೆಸುತ್ತಿವೆ. ಮೊಬೈಲ್ ತೋರಿದ ದಾರಿಯಲ್ಲಿ ನಡೆಯುವುದು ಸುಲಭ. ಆ ದಾರಿಯನ್ನು ಲೆಕ್ಕ ಹಾಕಬಲ್ಲವರು ನಮ್ಮ ಮಕ್ಕಳಲ್ಲಿಯೂ ಹುಟ್ಟಿಬರಬೇಕು.