ಶಹಾಬಾದ್ ಪರಸಿ: ಮನೆಯ ತಂಪು, ಗಣಿಯ ಬಿಸಿಲು

ಇವತ್ತಿನ ಇತಿಹಾಸ ನಮ್ಮ ಕಾಲ ಕೆಳಗೇ ಅದ: ಶಹಾಬಾದ್ ಪರಸಿ.

ಇದು ಸುಣ್ಣದ ಕಲ್ಲು. ಪದರು ಪದರಾಗಿ ಏಳ್ತದ, ಅದಕ್ಕೇ ಹಾರಿ, ಸುತ್ತಿಗೆಯಿಂದಲೇ ಚಪ್ಪಡಿ ತೆಗೀಬಹುದು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಹಳೆ ಮನೆಗಳ ನೆಲ, ಕಟ್ಟೆ, ಬಚ್ಚಲು ಇದರದ್ದೇ. 1874ರಲ್ಲಿ ವಾಡಿಯಿಂದ ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯ್ತು. ಭಾರದ ಕಲ್ಲಿಗೂ ದೂರದ ದಾರಿ ಸಿಕ್ತು.

ಫ್ಯಾನ್ ಇಲ್ಲದ ಕಾಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಮಧ್ಯಾಹ್ನ ಪರಸಿಗೆ ನೀರು ಚಿಮುಕಿಸಿ, ಅದರ ಮ್ಯಾಲೇ ಮಲಗೋದು. ಸೀಮೆಸುಣ್ಣದಿಂದ ಮನೆ ಬರೆದ್ರೆ ಚೌಕಾಬಾರಾ. ಆಟ ಮುಗಿದ ಮ್ಯಾಲೆ ಒದ್ದೆ ಅರಿವೆಯಿಂದ ಒರೆಸಿದ್ರೆ ಆಯ್ತು.

ಆದ್ರ ಅದೇ ಹೊತ್ತಿನಾಗ ಗಣಿಯೊಳಗ ನೆರಳಿಲ್ಲ. ಕಲ್ಲಿನ ಧೂಳು ವರ್ಷಗಟ್ಟಲೆ ಉಸಿರಿನ ಜೊತೆ ಒಳಗೆ ಹೋದ್ರೆ ಪುಪ್ಪುಸ ಕೆಡ್ತದ, ಕೆಮ್ಮು ಬಿಡಂಗಿಲ್ಲ. ಬಿಕಾಂ ಓದಿದ ನನಗೆ ಇದು ಜಮಾ-ಖರ್ಚಿನ ಲೆಕ್ಕದಂಗ ಕಾಣ್ತದ: ತಂಪು ಮನೆಯವರ ಜಮಾ, ಖರ್ಚು ಕಲ್ಲು ಒಡೆದವರ ಎದೆಯದ್ದು.

ಟೈಲ್ಸ್ ಹಾಕಿಸೋಕೆ ಹಳೆ ಪರಸಿ ಕೀಳೋ ಮುಂಚೆ ಮನೆ ಹಿರಿಯರನ್ನ ಒಂದು ಮಾತು ಕೇಳ್ರಿ: ಈ ಕಲ್ಲು ಯಾವ ಗಣಿದು, ಒಡೆದವರು ಯಾರು?