ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಿದರೆ ಆರ್‌ಎಕ್ಸ್‌100 ಮೈಲೇಜ್ ಹೆಚ್ಚುತ್ತದೆಯೇ?

'ಕಾರ್ಬ್ಯುರೇಟರ್ ಸ್ಕ್ರೂ ಅರ್ಧ ಸುತ್ತು ಟೈಟ್ ಮಾಡಿ, ಮೇನ್ ಜೆಟ್ ಒಂದು ಸೈಜ್ ಚಿಕ್ಕದು ಹಾಕಿಸಿ, ಮೈಲೇಜ್ ತಾನಾಗಿಯೇ ಏರುತ್ತದೆ.' ಹಳೆಯ ಬೈಕ್‌ಗಳ ಬಗ್ಗೆ ಇಂಥ ಸಲಹೆಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತವೆ. ನಾಗಸಂದ್ರದಿಂದ ಪೀಣ್ಯಕ್ಕೆ ದಿನವೂ ಟ್ರಾಫಿಕ್‌ನಲ್ಲಿ ಹೋಗಿಬರುವವರಿಗೆ ಇದು ಆಸೆ ಹುಟ್ಟಿಸುವ ಮಾತೇ. 1996ರಲ್ಲಿ ಉತ್ಪಾದನೆ ನಿಂತರೂ ಬೆಂಗಳೂರಿನಲ್ಲಿ ಇಂದಿಗೂ ಬೇಡಿಕೆ ಇರುವ ಯಮಹಾ ಆರ್‌ಎಕ್ಸ್‌100 ಬೈಕನ್ನು ಮುಂದಿಟ್ಟುಕೊಂಡು ಈ ಸಲಹೆಯನ್ನು ಪರಿಶೀಲಿಸೋಣ.

ಇದರಲ್ಲಿ ನಿಜ ಎಷ್ಟು?

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಪಿಕಪ್ ಸಿಗುವುದು ಗಾಳಿ 12.5ರಿಂದ 13 ಗ್ರಾಂ ಇದ್ದಾಗ. ಹೀಗೆ ಪೆಟ್ರೋಲ್ ಹೆಚ್ಚಿರುವ ಮಿಶ್ರಣವನ್ನು ಮೆಕ್ಯಾನಿಕ್‌ಗಳು 'ರಿಚ್' ಎನ್ನುತ್ತಾರೆ, ಕಡಿಮೆಯಿದ್ದರೆ 'ಲೀನ್'. ವಿಪರೀತ ರಿಚ್ ಆಗಿರುವ ಬೈಕನ್ನು ಸರಿಯಾದ ಮಟ್ಟಕ್ಕೆ ತಂದರೆ ಮೈಲೇಜ್ ಏರುವುದು ನಿಜ.

ತಪ್ಪು ಎಲ್ಲಿದೆ?

ಮೊದಲನೆಯದಾಗಿ, ಆ ಸ್ಕ್ರೂವಿನ ಪ್ರಭಾವ ಐಡ್ಲಿಂಗ್‌ನಿಂದ ಸುಮಾರು ಕಾಲು ಥ್ರಾಟಲ್‌ವರೆಗೆ ಮಾತ್ರ. ಕಾಲಿನಿಂದ ಮುಕ್ಕಾಲು ಥ್ರಾಟಲ್‌ವರೆಗೆ ಸೂಜಿಯ ಕೆಲಸ, ಅದಕ್ಕಿಂತ ಮೇಲೆ ಮೇನ್ ಜೆಟ್‌ನದು.

ಎರಡನೆಯದಾಗಿ, ಆರ್‌ಎಕ್ಸ್‌100ನಲ್ಲಿರುವುದು ಏರ್ ಸ್ಕ್ರೂ. ಅದನ್ನು ಟೈಟ್ ಮಾಡಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ. ಎಂಜಿನ್ ಬದಿಯಲ್ಲಿ ಸ್ಕ್ರೂ ಇರುವ ಅನೇಕ ಫೋರ್-ಸ್ಟ್ರೋಕ್ ಬೈಕ್‌ಗಳಲ್ಲಿ ಇದು ಉಲ್ಟಾ. ಹಾಗಾಗಿ ಒಂದೇ ಸಲಹೆ ಎಲ್ಲ ಬೈಕ್‌ಗೂ ಹೊಂದುವುದಿಲ್ಲ.

ಅಪಾಯ ಏನು?

ನಿಜವಾದ ಅಪಾಯ ಇರುವುದು ಚಿಕ್ಕ ಮೇನ್ ಜೆಟ್‌ನಲ್ಲಿ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಒಳಬರುವ ಪೆಟ್ರೋಲ್ ಪಿಸ್ಟನ್ ತಂಪಾಗಿರಲೂ ನೆರವಾಗುತ್ತದೆ. ಪೆಟ್ರೋಲ್‌ಗೇ ಆಯಿಲ್ ಬೆರೆಸುವ ಬೈಕ್‌ಗಳಲ್ಲಿ ಪೆಟ್ರೋಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ. ತುಮಕೂರು ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿ ಓಡಿಸುವಾಗ ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರ್‌ಗೆ ಕಚ್ಚಿಕೊಂಡರೆ ಎಂಜಿನ್ ಸೀಜ್ ಆಗುತ್ತದೆ, ಹಿಂದಿನ ಚಕ್ರ ಲಾಕ್ ಆಗಿ ಬೀಳುವ ಸಂಭವವಿದೆ. ಎಂಜಿನ್ ಹಿಡಿದಂತೆ ಅನಿಸಿದ ಕೂಡಲೇ ಕ್ಲಚ್ ಹಿಡಿಯಿರಿ, ಬೈಕನ್ನು ರಸ್ತೆಯ ಬದಿಗೆ ತನ್ನಿ.

ಇನ್ನೆರಡು ಸಂಗತಿಗಳನ್ನು ಇಂಥ ಸಂದೇಶಗಳು ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ಸುಮಾರು 8% ತೆಳು. ಇಲ್ಲಿ ಲೀನ್ ಮಾಡಿಸಿದ ಬೈಕ್ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಇನ್ನಷ್ಟು ಲೀನ್ ಆಗಿರುತ್ತದೆ. ಜೊತೆಗೆ, ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ 20%ವರೆಗೆ ಎಥನಾಲ್ ಇರುತ್ತದೆ. ಅಂಥ 1 ಗ್ರಾಂ ಇಂಧನಕ್ಕೆ ಸುಮಾರು 13.5 ಗ್ರಾಂ ಗಾಳಿ ಸಾಕು. ಆದರೆ ಕಾರ್ಬ್ಯುರೇಟರ್‌ನಲ್ಲಿ ಸೆನ್ಸರ್ ಇಲ್ಲ, ಅದು ಹಳೆಯ ಅಳತೆಯಲ್ಲೇ ಗಾಳಿ ಬಿಡುತ್ತದೆ. ಅಂದರೆ ಯಾರೂ ಮುಟ್ಟದಿದ್ದರೂ ಮಿಶ್ರಣ ಮೊದಲಿಗಿಂತ ಲೀನ್ ಕಡೆಗೇ ವಾಲಿದೆ.

ಹಾಗಾದರೆ ಏನು ಮಾಡಬೇಕು?

• ಮೇನ್ ಜೆಟ್ ಕಂಪನಿ ಹೇಳಿದ ಸೈಜಿನದೇ ಇರಲಿ.
• ಏರ್ ಫಿಲ್ಟರ್ ಸ್ವಚ್ಛ ಮಾಡಿಸಿ. ಅದನ್ನು ತೆಗೆದು ಓಡಿಸಬೇಡಿ, ಅದರಿಂದಲೂ ಲೀನ್ ಆಗುತ್ತದೆ.
• ಚೋಕ್ ಪೂರ್ತಿ ಮುಚ್ಚುತ್ತಿದೆಯೇ, ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆಯೇ ನೋಡಿ. ಸವೆದ ಸೂಜಿ ಬದಲಿಸಿ.
• ಸ್ಪಾರ್ಕ್ ಪ್ಲಗ್ ಬಣ್ಣ ಗಮನಿಸಿ. ತಿಳಿ ಕಂದು ಸರಿ, ಕಪ್ಪು ಮಸಿ ಇದ್ದರೆ ರಿಚ್, ಬೆಳ್ಳಗಿದ್ದರೆ ಲೀನ್.
• ಟೈರ್ ಗಾಳಿ, ಚೈನ್, ಬ್ರೇಕ್ ಪರೀಕ್ಷಿಸಿ. ಬ್ರೇಕ್ ಉಜ್ಜುತ್ತಿದ್ದರೆ ಯಾವ ಟ್ಯೂನಿಂಗೂ ಮೈಲೇಜ್ ಕೊಡುವುದಿಲ್ಲ.
• ಸಿಗ್ನಲ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದರೆ ಎಂಜಿನ್ ಆಫ್ ಮಾಡಿ.

ಬದಲಾವಣೆ ಮಾಡಿಸಿದರೆ ಒಂದು ಸಲಕ್ಕೆ ಒಂದೇ ಮಾಡಿಸಿ. ಫುಲ್ ಟ್ಯಾಂಕ್ ಹಾಕಿಸಿ, ಕಿಲೋಮೀಟರ್ ಬರೆದಿಟ್ಟು, ಮತ್ತೆ ಫುಲ್ ಮಾಡಿಸಿದಾಗ ಹಿಡಿದ ಲೀಟರ್‌ನಿಂದ ಓಡಿದ ದೂರವನ್ನು ಭಾಗಿಸಿ. ಎರಡು ಮೂರು ಬಾರಿ ಹೀಗೆ ಲೆಕ್ಕ ಹಾಕಿದರೆ ನಿಜವಾದ ಮೈಲೇಜ್ ತಿಳಿಯುತ್ತದೆ.

ನಮ್ಮ ತೀರ್ಮಾನ: ಈ ಸಲಹೆ ಅರ್ಧ ಸತ್ಯ. ರಿಚ್ ಆಗಿರುವ ಬೈಕನ್ನು ಸರಿಪಡಿಸುವುದು ಉಳಿತಾಯ. ಸರಿ ಇರುವ ಬೈಕನ್ನು ಲೀನ್ ಮಾಡಿಸಿದರೆ, ಉಳಿಸಿದ ಪೆಟ್ರೋಲ್ ಹಣ ಬೋರ್ ಮತ್ತು ಪಿಸ್ಟನ್ ಕೆಲಸಕ್ಕೆ ಹೋಗುತ್ತದೆ. ಫಾರ್ವರ್ಡ್ ಮಾಡುವ ಮುನ್ನ ಇದನ್ನೂ ಜೊತೆಗೆ ಕಳುಹಿಸಿ.