ಬನಾತಿನ ಕೆಳಗಿನ ಕಲ್ಲು

ಬಿಲಿಯರ್ಡ್ಸ್ ಮೇಜಿನ ಹಸಿರು ಬನಾತನ್ನು ಕಂಡವರು ಅದರ ಕೆಳಗಿರುವುದು ಮರವೆಂದೇ ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆ. ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿತೋಟವೊಂದರಲ್ಲಿ ರೈಟರಾಗಿದ್ದ ಸೋದರಮಾವನೊಡನೆ ಬಾಲ್ಯದಲ್ಲಿ ಒಮ್ಮೆ ಪ್ಲಾಂಟರುಗಳ ಕ್ಲಬ್ಬಿಗೆ ಹೋದಾಗ, ಅಲ್ಲಿ ಹಳೆಯ ಬನಾತನ್ನು ಕಿತ್ತು ಹೊಸದನ್ನು ಹೊದಿಸುವ ಕೆಲಸ ನಡೆದಿತ್ತು. ಬತ್ತಲಾದ ಮೇಜಿನ ಮೇಲೆ ಕಂಡದ್ದು ಕಲ್ಲು! ಶಾಲೆಯಲ್ಲಿ ನಾವು ಬಳಪ ಹಿಡಿದು ಬರೆಯುತ್ತಿದ್ದ ಸ್ಲೇಟಿನದೇ ಜಾತಿ. ಆದರೆ ಎರಡು ಬೆರಳಿನಷ್ಟು ದಪ್ಪ.

ಹಿಂದೆ ಮರದ ಹಲಗೆಯೇ ಇದ್ದಿತು. ಮರ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಬಾಗುತ್ತದೆ. ಚೆಂಡು ದಾರಿ ತಪ್ಪುತ್ತದೆ. ಲಂಡನ್ನಿನ ಜಾನ್ ಥರ್ಸ್ಟನ್ 1826ರಲ್ಲಿ ಸ್ಲೇಟುಕಲ್ಲನ್ನು ಬಳಸಿದನು. ಭೂಗರ್ಭದಲ್ಲಿ ಒತ್ತಡಕ್ಕೆ ಸಿಕ್ಕ ಜೇಡಿಯಿಂದಾದ ಈ ಶಿಲೆ ಪದರಪದರವಾಗಿ ಸೀಳುತ್ತದೆ, ಉಜ್ಜಿದರೆ ಸಮತಲವಾಗುತ್ತದೆ. ಬೇಲೂರಿನ ಶಿಲ್ಪಿಗಳ ಉಳಿಗೆ ಒಲಿದ ಬಳಪದ ಕಲ್ಲಿನ ಗುಣವೇ ಬೇರೆ. ಹನ್ನೆರಡು ಅಡಿ ಉದ್ದದ ಮೇಜಿಗೆ ಇಂಥ ಐದು ಹಲಗೆಗಳು ಬೇಕು. ಒಟ್ಟು ತೂಕ ಮುಕ್ಕಾಲು ಟನ್ನಿಗೂ ಮಿಕ್ಕು. ಅಂಚಿಗೆ ಥರ್ಸ್ಟನ್ 1835ರಲ್ಲಿ ರಬ್ಬರನ್ನೂ ತಂದನು. ಅದು ಚಳಿಗೆ ಸೆಟೆದು ಕೈಕೊಟ್ಟಿತು. ಗಂಧಕ ಬೆರೆಸಿ ಕಾಯಿಸಿದ ರಬ್ಬರು ಬರುವವರೆಗೆ ಕಾಯಬೇಕಾಯಿತು.

ಸುಮಾರು 1830ರಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ ಮರ ಹೋಗಿ ಕಲ್ಲು ಬರುತ್ತಿದ್ದ ಕಾಲದಲ್ಲೇ, ಕ್ಯಾನನ್ ಎಂಬ ಆಂಗ್ಲನು ಚಿಕ್ಕಮಗಳೂರಿನ ಬಳಿ ಈ ಗಿರಿಶ್ರೇಣಿಯ ದಕ್ಷಿಣಕ್ಕೆ ಕಾಫಿತೋಟ ಮಾಡಿದನು. ತೋಟಗಳ ಬೆನ್ನಿಗೇ ಕ್ಲಬ್ಬುಗಳು ಬಂದವು. ಜಬಲ್ಪುರದ ಸೈನ್ಯಾಧಿಕಾರಿಗಳ ನಡುವೆ 1875ರಲ್ಲಿ ಹುಟ್ಟಿದ ಸ್ನೂಕರಿಗೆ ನಿಯಮಗಳು ದೊರೆತದ್ದು ನೆರೆಯ ಉದಕಮಂಡಲದ ಕ್ಲಬ್ಬಿನಲ್ಲಿ, 1882ರಲ್ಲಿ. ಮಲೆನಾಡಿನ ಮಳೆಗೆ ಮರದ ಹಲಗೆ ಎಷ್ಟು ಕಾಲ ತಡೆದೀತು? ಕಲ್ಲು ತಡೆಯಿತು.

ಆದರೆ ಕಲ್ಲಿನ ಮೇಲಿನ ಬನಾತು ಕುರಿಯ ಉಣ್ಣೆಯದು. ಗಾಳಿಯ ತೇವವನ್ನು ಹೀರುತ್ತದೆ. ಮೂಲತಃ ಹುಲ್ಲಿನ ಮೇಲಿನ ಆಟವಾದ್ದರಿಂದ ಅದಕ್ಕೆ ಹಸಿರು ಬಣ್ಣ. ಅದರ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ನವಿರಿಗೆ ಎದುರಾಗಿ ಮೆಲ್ಲನೆ ಹೊರಳುವ ಚೆಂಡು ಓರೆಯಾಗುತ್ತದೆ. ಈಚಿನ ಪೂಲ್ ಮೇಜಿನ ಬಟ್ಟೆಗೆ ನವಿರಿಲ್ಲ, ಉಣ್ಣೆಯೊಡನೆ ನೈಲಾನು ಬೆರೆತಿರುತ್ತದೆ. ದೊಡ್ಡ ಪಂದ್ಯಗಳಲ್ಲಿ ಈಗ ಸ್ಲೇಟಿನಡಿ ವಿದ್ಯುತ್ತಿನ ಶಾಖವಿಡುತ್ತಾರೆ.

ಆ ಕ್ಲಬ್ಬಿನ ಮಾರ್ಕರಿಗೆ ಇದ್ದುದು ಬ್ರಷ್ಷು ಮತ್ತು ಇಸ್ತ್ರಿಪೆಟ್ಟಿಗೆ ಮಾತ್ರ. ಆಷಾಢದ ಮಳೆಯಲ್ಲಿ ಆಟಕ್ಕೆ ಮುನ್ನ ಅವರು ನವಿರಿನ ದಿಕ್ಕಿಗೇ ಬ್ರಷ್ಷೆಳೆದು, ಬಳಿಕ ಇಸ್ತ್ರಿ ಹಾಕುತ್ತಿದ್ದರಂತೆ. ಥರ್ಸ್ಟನ್ನನ ಹೆಸರು ಗ್ರಂಥಗಳಲ್ಲಿದೆ. ಈ ಮಾರ್ಕರರ ಹೆಸರನ್ನು ನಾನೇ ಅಂದು ಕೇಳಿಕೊಳ್ಳಲಿಲ್ಲ. “ಮುಟ್ಟಿ ನೋಡು ಮಗಾ, ತಣ್ಣಗಿದೆ” ಎಂದು ಅವರು ನನ್ನ ಅಂಗೈಯನ್ನು ಆ ಕಲ್ಲಿನ ಮೇಲೆ ಇಟ್ಟಿದ್ದರು.